ಲೆಫ್ಟ್ ಬ್ಯಾಕ್ ಶಾಮಸುಂದರ

ಇಂದ್ರಾಣಿ ಒಂಬತ್ತನೇ ನಂಬರಿನ ಜೆರ್ಸಿಗೆ ಇಸ್ತ್ರಿ ಹಾಕುತ್ತಿದ್ದಳು. ಫುಟ್‌ಬಾಲ್ ಆಡುವ ಬಟ್ಟೆಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ ಎಂದು ಬೇರೆ ಯಾವ ಶುಕ್ರವಾರವಾದರೂ ಶಾಮಸುಂದರ ರೇಗಿಸುತ್ತಿದ್ದ, ಇವತ್ತು ತುಟಿಪಿಟಕ್ಕೆನ್ನಲಿಲ್ಲ. ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ, ಒಂಬತ್ತರ ಹೊಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೋಗಿ ಬರುವುದನ್ನು ನೋಡುತ್ತ, ಹೇಳಿಬಿಡಲೇ, ಈಗಲೇ ಹೇಳಿಬಿಡಲೇ ಎಂದುಕೊಂಡ. ನೋಡೇ, ನಾನಿನ್ನು ಈ ಒಂಬತ್ತನೇ ನಂಬರಿನ ಫಾರ್ವರ್ಡ್ ಅಲ್ಲ, ನನ್ನನ್ನು ಹಿಂದೆ ಎಡಮೂಲೆಗೆ ಹಾಕಿ ಲೆಫ್ಟ್ ಬ್ಯಾಕ್ ಮಾಡಿದ್ದಾರೆ. ಅಷ್ಟೇ ಮಾತು. ಹೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಇಂದ್ರಾಣಿಯಂತೂ 'ಹೌದಾ, ಪುಳಿಯೋಗರೆಗೆ ಉಪ್ಪು ಸಾಕಾ ನೋಡಿ' ಎಂದು ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಕಷ್ಟ ಇರುವುದು ಸೋಫಾದ ಮೇಲೆ ಕಾಲು ಮಡಚಿ ಕೂತು ಮೊಬೈಲು ಒತ್ತುತ್ತಿರುವ ಮಗಳದು. ನಿಸರ್ಗ ಚಿಕ್ಕವಳಿದ್ದಾಗಿನಿಂದಲೂ ಪ್ರತಿ ಶುಕ್ರವಾರ ಊಟದ ಮೇಜಿನ ಮೇಲೆ ಅವನು ತನ್ನ ಗೋಲುಗಳನ್ನು ಮರಳಿ ಹೊಡೆದು ತೋರಿಸಿದ್ದಾನೆ: ಉಪ್ಪಿನಕಾಯಿ ಬಾಟಲಿ ಒಂದು ಕಂಬ, ನೀರಿನ ಜಗ್ಗು ಇನ್ನೊಂದು ಕಂಬ, ನಡುವೆ ತುಪ್ಪದ ಮಿಳ್ಳೆಯೇ ಗೋಲ್‌ಕೀಪರ್, ನಿಂಬೆಹಣ್ಣು ಚೆಂಡು. ತುಪ್ಪದ ಮಿಳ್ಳೆ ಯಾವಾಗಲೂ ತಪ್ಪು ದಿಕ್ಕಿಗೆ ವಾಲುತ್ತಿತ್ತು. ಮಗು ಚಪ್ಪಾಳೆ ತಟ್ಟುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ಚಪ್ಪಾಳೆ ನಿಂತಿದೆ, 'ನೈಸ್, ಅಪ್ಪಾ' ಎನ್ನುತ್ತಾಳೆ. ಆದರೂ ನಿಂಬೆಹಣ್ಣು ಕಂಬಗಳ ನಡುವೆ ಉರುಳುವಾಗ ಮೊಬೈಲಿನಿಂದ ಕಣ್ಣೆತ್ತಿ ಒಮ್ಮೆ ನೋಡುತ್ತಾಳೆ. ಆ ಒಂದು ನೋಟಕ್ಕಾಗಿ ಅಪ್ಪ ವಾರವಿಡೀ ಕಾಯುತ್ತಾನೆ ಎಂಬುದು ಅವಳಿಗೆ ಗೊತ್ತಿಲ್ಲ. ಇವತ್ತು ಅವಳು ಮೊದಲ ಸಲ ಆಟ ನೋಡಲು ಬರುತ್ತಿದ್ದಾಳೆ.

"ಏನ್ರೀ, ಕಾಫಿ ಆರ್ತಾ ಇದೆ," ಎಂದಳು ಇಂದ್ರಾಣಿ. "ಇವತ್ತು ಎಷ್ಟು ಗೋಲು?"

"ನೋಡೋಣ."

"ಅಯ್ಯೋ! ನಿಮ್ಮ ಬಾಯಲ್ಲಿ ನೋಡೋಣ! ಮೈ ಹುಷಾರಿದೆ ತಾನೆ?"

"ಅಮ್ಮಾ, ಡೋಂಟ್ ಜಿಂಕ್ಸ್ ಹಿಮ್, ದೃಷ್ಟಿ ಆಗುತ್ತೆ," ಎಂದಳು ಮಗಳು, ತಲೆಯೆತ್ತದೆ.

ಅವನ ಮೈ ಹುಷಾರಾಗಿಯೇ ಇತ್ತು, ಮಂಗಳವಾರ ಸಂಜೆಯಿಂದ ಮನಸ್ಸು ಮಾತ್ರ ಇರಲಿಲ್ಲ. ದುಬೈಯ ಊದ್ ಮೇಥಾ ಬಡಾವಣೆಯ ಶಾಲೆಯೊಂದರ ಹಿಂದಿನ ಮೈದಾನದಲ್ಲಿ ಅವನ ಕಂಪನಿಯವರು ಅಭ್ಯಾಸ ಮಾಡುತ್ತಿದ್ದರು, ರಜೆಯ ಶುಕ್ರವಾರಗಳಂದು ತಮ್ಮತಮ್ಮಲ್ಲೇ ಎರಡು ಪಂಗಡವಾಗಿ ಆಡುತ್ತಿದ್ದರು. ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿ. ದುಬೈಯ ಹೆಡ್ ಆಫೀಸಿಗೂ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಬ್ರಾಂಚಿಗೂ ವರ್ಷಕ್ಕೊಂದು ಪಂದ್ಯ. ಹೆಡ್ ಆಫೀಸಿನ ಅಡ್ಮಿನಿಸ್ಟ್ರೇಶನ್ ಮ್ಯಾನೇಜರ್ ಶಾಮಸುಂದರ ಸೇರಿದ ವರ್ಷದಿಂದಲೇ ಫಾರ್ವರ್ಡ್. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದು ಅವನು ಕೇಳಿಕೊಂಡಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಆಡಿದ್ದೆನಲ್ಲ ಎಂದುಕೊಂಡಿದ್ದ. ಅಲ್ಲಿ ಅವನು ಆಡಿದ್ದಕ್ಕಿಂತ ಗೆರೆಯಾಚೆ ಬೆಂಚಿನ ಮೇಲೆ ಕೂತದ್ದೇ ಹೆಚ್ಚು ಎಂಬುದು ವರ್ಷಗಳು ಕಳೆದಂತೆ ಅವನಿಗೇ ಮರೆತುಹೋಗಿತ್ತು. ಈ ಸಲ ಹೊಸದಾಗಿ ಬಂದವನು ಲೆಸ್ಲಿ, ಸೈಟುಗಳ ಸೇಫ್ಟಿ ಆಫೀಸರ್, ಸ್ಕಾಟ್‌ಲೆಂಡಿನವನು. ಕೆಂಪು ಮುಖ, ಬಿಳಿಯಾಗುತ್ತಿರುವ ಹುಬ್ಬು, ಒಂದು ಮೊಣಕಾಲು ಮಡಚುವಾಗ ಸದ್ದು ಮಾಡುತ್ತದೆ. ಊರಿನಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿದವನು ಎಂದು ತಿಳಿದ ಅರ್ಬಾಬ್, ಅಂದರೆ ಮಾಲೀಕರು, 'ಹಾಗಾದರೆ ಇವರಿಗೆ ಕಲಿಸು' ಎಂದು ಒಪ್ಪಿಸಿಬಿಟ್ಟರು. ಮಂಗಳವಾರ ಲೆಸ್ಲಿ ಬಾಯಲ್ಲಿ ಖರ್ಜೂರದ ಬೀಜ ಹೊರಳಿಸುತ್ತ, ಹವಾಮಾನ ಹೇಳುವವರ ದನಿಯಲ್ಲಿ, "ಶ್ಯಾಮ್, ಶುಕ್ರವಾರ ನೀನು ಲೆಫ್ಟ್ ಬ್ಯಾಕ್. ಮುಂದೆ ಕೀರ್ತನ್," ಎಂದ. ಕೀರ್ತನ್ ಡ್ರಾಯಿಂಗ್ ವಿಭಾಗದ ಉಡುಪಿಯ ಹುಡುಗ. ತನಗೇ ಬೈದಂತೆ ಮುಖ ಸಣ್ಣ ಮಾಡಿಕೊಂಡ. ಗೋಲ್‌ಕೀಪರ್ ನಾರ್ಬರ್ಟ್, ಕಂಪನಿಯ ಸ್ಟೋರ್‌ಕೀಪರ್ ಕೂಡ ಅವನೇ, ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಉಳಿದವರು ನೆಲ ನೋಡಿದರು. "ಓ, ಶೂರ್, ವೈ ನಾಟ್," ಎಂದ ಶಾಮಸುಂದರ, ತನ್ನದಲ್ಲದ ತೆಳ್ಳಗಿನ ದನಿಯಲ್ಲಿ. ಅವಮಾನವೇನೋ ಆಯಿತು. ಆದರೆ ಅವನ ನಿದ್ದೆ ಕೆಡಿಸಿದ್ದು ಅದಲ್ಲ, ಆಮೇಲೆ ನಡೆದದ್ದು. ಎಡಮೂಲೆಯಲ್ಲಿ ಕೆಲಸವಿಲ್ಲದೆ ನಿಂತು ನೋಡುತ್ತಿದ್ದಾಗ ಕೀರ್ತನ್ ಗೋಲಿನತ್ತ ಒಂದಾದಮೇಲೊಂದು ಹೊಡೆದ, ನಾರ್ಬರ್ಟ್ ಒಂದಾದಮೇಲೊಂದು ಹಿಡಿದ. ಮೇಲಕ್ಕೆ ಹೋದದ್ದನ್ನು ಹಾರಿ ಹಿಡಿದ, ಮೂಲೆಗೆ ಹೋದದ್ದನ್ನು ಬೆರಳ ತುದಿಯಿಂದ ತಳ್ಳಿದ, ಬಿದ್ದಲ್ಲಿಂದ ಎದ್ದು ಇನ್ನೊಂದನ್ನು ಎದೆಗಪ್ಪಿಕೊಂಡ. ಅಲ್ಲಾ, ಈ ನಾರ್ಬರ್ಟನಿಗೆ ಹಾರಲು ಬರುತ್ತದೆಯೇ? ಇಷ್ಟು ವರ್ಷ ನನ್ನ ಒಂದೇ ಒಂದು ಶಾಟನ್ನೂ ಯಾಕೆ ಹಿಡಿಯಲಿಲ್ಲ?

ಅದೇ ಪ್ರಶ್ನೆ ಇವತ್ತು ಅಬುಧಾಬಿಗೆ ಹೊರಟ ಬಸ್ಸಿನಲ್ಲೂ ಪಕ್ಕದಲ್ಲಿ ಕೂತಿತ್ತು. ಇನ್ನೊಂದು ಪಕ್ಕದಲ್ಲಿ ಲೆಸ್ಲಿ ಕೂತಿದ್ದ. ಹಿಂದಿನ ಸೀಟುಗಳಲ್ಲಿ ಇಂದ್ರಾಣಿ, ನಿಸರ್ಗ, ಪುಳಿಯೋಗರೆಯ ಡಬ್ಬಿ; ಅದರ ಹಿಂದೆ ತುಳು, ಕೊಂಕಣಿ, ಮಲಯಾಳದ ಗದ್ದಲ. ಈ ಲೆಸ್ಲಿ ಎಲ್ಲಿ ಗಟ್ಟಿಯಾಗಿ 'ಲೆಫ್ಟ್ ಬ್ಯಾಕ್' ಅಂದುಬಿಡುತ್ತಾನೋ ಎಂದು ಶಾಮಸುಂದರ ಕಿಟಕಿಗೆ ಅಂಟಿಕೊಂಡ. ಹೊರಗೆ ಶೇಖ್ ಜಾಯೆದ್ ರಸ್ತೆಯ ಕಟ್ಟಡಗಳು ಮುಗಿದು, ಜೆಬೆಲ್ ಅಲಿ ಕಳೆದು, ಮರಳಿನ ಬಣ್ಣದ ಏನೂ ಇಲ್ಲದಿರುವಿಕೆ ಶುರುವಾಗಿತ್ತು. ಲೆಸ್ಲಿಗೆ ಏನೂ ಇಲ್ಲದಿರುವುದನ್ನು ಕಂಡರೆ ಮಾತು ಬರುತ್ತದೆ. ಅವನ ಇಂಗ್ಲಿಷಿನಲ್ಲಿ ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು, ಹೊರಬಂದ ಅರ್ಧಕ್ಕೆ ಶಾಮಸುಂದರ ತಲೆಯಾಡಿಸುತ್ತಿದ್ದ. ಹದಿನೇಳಕ್ಕೇ ಸೆಂಟರ್ ಫಾರ್ವರ್ಡ್ ಆದವನಂತೆ. ಮೀನುಗಾರರ ಊರು, ಕಡಲಿಗೆ ತಾಗಿದ ಮೈದಾನ, ಗಾಳಿ ಜೋರಾದರೆ ಚೆಂಡು ನೀರಿಗೆ, ಅದನ್ನು ಎತ್ತಿಕೊಡಲಿಕ್ಕೇ ದೋಣಿಯಲ್ಲೊಬ್ಬ ಮುದುಕ. ಮೊದಲ ವರ್ಷ ಗೋಲೋ ಗೋಲು. ಕಸಾಯಿ ಅಂಗಡಿಯವನು ಕರೆದು ಮಾಂಸ ಕೊಡುತ್ತಿದ್ದ, ಪಾದ್ರಿ ದಾರಿಯಲ್ಲಿ ಟೋಪಿ ತೆಗೆಯುತ್ತಿದ್ದ. ಎರಡನೇ ವರ್ಷ ಗೋಲು ಮುನಿಸಿಕೊಂಡು ತವರಿಗೆ ಹೋಯಿತು, ಒಂದೂ ಇಲ್ಲ. ಆ ಕ್ಲಬ್ಬಿನವರು ಇನ್ನೊಂದು ಊರಿಗೆ ದಾಟಿಸಿದರು, ಅಲ್ಲಿ ಬಲಬದಿಯಲ್ಲಿ ಓಡಿಸಿದರು; ಅವರು ಮತ್ತೊಂದು ಊರಿಗೆ ದಾಟಿಸಿದರು, ಅಲ್ಲಿ ನಡುವೆ ನಿಲ್ಲಿಸಿದರು.

"ಒಂದು ಕ್ಲಬ್ಬು ನನ್ನನ್ನು ಕೊಟ್ಟು ಹುಲ್ಲು ಕತ್ತರಿಸುವ ಮೆಷೀನು ತಗೊಂಡಿತು," ಎಂದ ಲೆಸ್ಲಿ. "ಮೆಷೀನು ಅಲ್ಲಿ ನನಗಿಂತ ಚೆನ್ನಾಗಿ ಆಡಿತು."

ಆಮೇಲೊಂದು ಶನಿವಾರ ಲೆಫ್ಟ್ ಬ್ಯಾಕ್ ಆಟಗಾರನಿಗೆ ಹಲ್ಲುನೋವು. ಮ್ಯಾನೇಜರು ಸುತ್ತ ನೋಡಿ, 'ನೀನು ಹೋಗಿ ಅಲ್ಲಿ ನಿಲ್ಲು, ಏನೂ ಮಾಡಬೇಡ' ಎಂದನಂತೆ. ಅವತ್ತು ಲೆಸ್ಲಿ ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತ. ಅದುವರೆಗೆ ಪ್ರತಿ ಶನಿವಾರ ಬರುತ್ತಿದ್ದ ಅಪ್ಪ ಬರುವುದನ್ನು ನಿಲ್ಲಿಸಿದ. ಗೋಲು ಹೊಡೆಯದ ಮಗನನ್ನು ನೋಡಲು ಆ ಚಳಿಯಲ್ಲಿ ಯಾರು ನಿಲ್ಲುತ್ತಾರೆ ಎಂದನಂತೆ. ಹಲ್ಲುನೋವಿನವನ ಹಲ್ಲು ವಾಸಿಯಾಯಿತು, ಜಾಗ ಮಾತ್ರ ಅವನಿಗೆ ಮತ್ತೆ ಸಿಗಲಿಲ್ಲ. ಅಲ್ಲಿಂದ ಮುಂದೆ ಲೆಸ್ಲಿ ಎಷ್ಟು ಊರು ಸುತ್ತಿದರೂ ಎಡಮೂಲೆಯವನೇ.

"ಬೇಜಾರಾಗಲಿಲ್ಲವೇ?" ಶಾಮಸುಂದರ ಕೇಳಿದ.

"ಆಯಿತು. ವರ್ಷಗಟ್ಟಲೆ ಆಯಿತು," ಎಂದು ಲೆಸ್ಲಿ ನಕ್ಕ. "ಮುಂದೆ ಆಡುವಾಗ ನಾನು ನೋಡುತ್ತಿದ್ದದ್ದು ಗೋಲು ಒಂದೇ. ಹಿಂದೆ ನಿಂತ ಮೇಲೆ ನೋಡುತ್ತೇನೆ, ಅಯ್ಯಯ್ಯೋ, ಮೈದಾನದ ತುಂಬ ಜನ!"

"ನನ್ನನ್ನು ಯಾಕೆ ಹಿಂದೆ ಹಾಕಿದೆ?"

"ನಿನ್ನನ್ನು ಯಾರೂ ಮುಟ್ಟುವುದಿಲ್ಲ, ಶ್ಯಾಮ್. ಬಂದಾಗಿನಿಂದ ನೋಡುತ್ತಿದ್ದೇನೆ. ಇವರೆಲ್ಲ ಚೆನ್ನಾಗಿ ಓಡುತ್ತಾರೆ, ನಿನ್ನ ಹತ್ತಿರ ಬಂದರೆ ಕಾಲಿಗೆ ಬ್ರೇಕು ಬೀಳುತ್ತದೆ. ಮುಂದೆ ಇರುವವನನ್ನು ಯಾರೂ ತಡೆಯದಿದ್ದರೆ ಅದು ಆಟವಲ್ಲ. ಹಿಂದೆ ನಿಂತರೆ ನೀನೇ ಯಾರನ್ನಾದರೂ ತಡೆಯಬೇಕಾಗುತ್ತದೆ. ಏನಿದು, ನಿನ್ನನ್ನು ಕಂಡರೆ ಇವರಿಗೆ ಯಾಕಷ್ಟು ಪ್ರೀತಿ?"

ಉತ್ತರಕ್ಕೆ ಕಾಯದೆ ಲೆಸ್ಲಿ ತನ್ನ ಹಳೆಯ ಫೋಟೋ ತೋರಿಸುತ್ತೇನೆಂದು ಅಂಗಿಯ ಜೇಬಿಗೆ ಕೈಹಾಕಿದ. ಜೇಬಿನಿಂದ ಬಂದದ್ದು ಪಾಸ್‌ಪೋರ್ಟು, ಫೋಟೋ ಅದರೊಳಗಿತ್ತು. ಉದ್ದ ಕೂದಲಿನ ಹುಡುಗರ ಸಾಲಿನಲ್ಲಿ ಕೊನೆಯವನಾಗಿ ನಿಂತು ಕಣ್ಣು ಮುಚ್ಚಿಕೊಂಡ ಲೆಸ್ಲಿಯನ್ನು ಶಾಮಸುಂದರ ನೋಡಲೇ ಇಲ್ಲ. ಅವನು ನೋಡಿದ್ದು ಜೇಬಿನಲ್ಲಿ ಪಾಸ್‌ಪೋರ್ಟು ಇಟ್ಟುಕೊಂಡು ಓಡಾಡುವ ಮನುಷ್ಯನನ್ನು. ಕಂಪನಿಯವರೆಲ್ಲರ ಪಾಸ್‌ಪೋರ್ಟು ಇರುವುದು ಶಾಮಸುಂದರನ ಕುರ್ಚಿಯ ಹಿಂದಿನ ಸ್ಟೀಲಿನ ಕಪಾಟಿನಲ್ಲಿ, ದುಬೈಯವರದ್ದು ಮೇಲೆ, ಅಬುಧಾಬಿಯವರದ್ದು ಕೆಳಗೆ. ಎಲ್ಲ ಕಂಪನಿಗಳಲ್ಲೂ ಹೀಗೇ, ಇದರಲ್ಲೇನೂ ವಿಶೇಷವಿಲ್ಲ. ಊರಿಗೆ ಹೋಗಬೇಕೆಂದರೆ ಅರ್ಜಿ ಹಾಕಬೇಕು, ಅವನು ಸಹಿ ಹಾಕಬೇಕು, ಕಪಾಟು ತೆರೆಯಬೇಕು. ಕೀಲಿಕೈ ಅವನ ಮನೆಯ ಕೀಲಿಗೊಂಚಲಿನಲ್ಲೇ ಇದೆ, ಈಗಲೂ ತೊಡೆಗೆ ಒತ್ತುತ್ತಿದೆ. ಲೆಸ್ಲಿ ಸೇರಿದಾಗ ಮಾತ್ರ ಅರ್ಬಾಬ್, 'ಅವನದ್ದು ಕೇಳಬೇಡ' ಎಂದಿದ್ದರು. ಓ. ಹಾಗಾದರೆ ತನಗೆ 'ಹಿಂದೆ ನಿಲ್ಲು' ಎಂದು ಹೇಳಿದ್ದು ಕಪಾಟಿನಲ್ಲಿ ಪಾಸ್‌ಪೋರ್ಟು ಇಲ್ಲದವನೊಬ್ಬನೇ.

ಆಮೇಲೆ ಒಂದೊಂದೇ ಗೋಲು ನೆನಪಾಗತೊಡಗಿತು, ಬೇಡವೆಂದರೂ. ಉರುಳಿಕೊಂಡು ಹೋದ ಆ ಸೋಮಾರಿ ಚೆಂಡು, ಅದು ಹೋಗುವ ಮೊದಲೇ ಇನ್ನೊಂದು ಪಕ್ಕಕ್ಕೆ ಧೊಪ್ಪೆಂದು ಬಿದ್ದು 'ಎಂಥಾ ಶಾಟ್ ಸಾರ್!' ಎಂದು ನೆಲ ಗುದ್ದಿದ ನಾರ್ಬರ್ಟ್. ಅವನು ಚರ್ಚಿನ ನಾಟಕದಲ್ಲಿ ಪಾರ್ಟು ಮಾಡುತ್ತಾನೆಂದು ಕೇಳಿದ್ದ. ಮೈದಾನದಲ್ಲೂ ಮಾಡುತ್ತಾನೆಂದು ತಿಳಿದಿರಲಿಲ್ಲ. ಹೋದ ವರ್ಷ ಅಬುಧಾಬಿಯ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದು, ಮಗಳ ಮುಂದೆ ನಿಂಬೆಹಣ್ಣಿಗೆ ಮೂರು ಸಲ ಬೆರಳು ಬಡಿದದ್ದು. ಅಲ್ಲಿಯ ಗೋಲ್‌ಕೀಪರ್ ಲಿಯೊನೆಲ್ ಎದುರು ಪಕ್ಷದವನಲ್ಲವೇ, ಅವನೇಕೆ ಬಿಡುತ್ತಾನೆ ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ನೆನಪಾಯಿತು: ಅವನ ಪಾಸ್‌ಪೋರ್ಟು ಕೆಳಗಿನ ಸಾಲಿನಲ್ಲಿದೆ. ತಂಗಿಯ ಮದುವೆಗೆಂದು ಅವನು ಹಾಕಿದ ರಜೆ ಅರ್ಜಿ ಸಹಿಯಿಲ್ಲದೆ ನನ್ನ ಮೇಜಿನ ಮೇಲಿದೆ. ಹಾಗಂತ ನಾನೇನು ಕೆಟ್ಟವನೇ? ಯಾರಿಗಾದರೂ ಕೊಡುವುದಿಲ್ಲ ಎಂದಿದ್ದೇನೆಯೇ? ಒಂದು ಸಲ ಮಾತ್ರ, ಗುರುವಾರ ಬೇಗ ಮನೆಗೆ ಹೊರಟುಬಿಟ್ಟಿದ್ದೆ, ನಾರ್ಬರ್ಟನ ತಾಯಿಗೆ ಸೀರಿಯಸ್ ಎಂದು ಊರಿಂದ ಫೋನು, ಕೀಲಿಕೈ ನನ್ನ ಜೇಬಿನಲ್ಲಿ, ನನ್ನ ಮೊಬೈಲು ಸ್ವಿಚಾಫು. ಶನಿವಾರದವರೆಗೆ ಕಾದ. 'ಮೊದಲೇ ಹೇಳಬಾರದಿತ್ತೇನಯ್ಯಾ' ಎಂದೆ, ತಾಯಿಗೆ ಹುಷಾರು ತಪ್ಪುವುದು ಮೊದಲೇ ಗೊತ್ತಿರುವ ಹಾಗೆ. ಪುಣ್ಯಕ್ಕೆ ತಾಯಿ ಉಳಿದರು. ಅವನು ತಿರುಗಿ ಬಂದ ಮೊದಲ ಶುಕ್ರವಾರವೇ ನನಗೆ ಎರಡು ಗೋಲು ಬಿಟ್ಟ. ಶಾಮಸುಂದರನಿಗೆ ನಾಚಿಕೆಯಾಯಿತು, ಬೆವರುವಷ್ಟು ನಾಚಿಕೆ. ಅದರ ಜೊತೆಗೇ ತನ್ನ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿದೆ ಎಂದು ನೆನಪಾಗಿ ನಗುವೂ ಬಂತು. ಅರ್ಬಾಬ್ ವರ್ಷಕ್ಕೊಮ್ಮೆ ತೋಟದ ಮನೆಗೆ ಕರೆದು ಕೇರಂ ಆಡಿಸುತ್ತಾರೆ. ರಾಣಿ ಕಾಯಿ ತೂತಿನ ಬಾಯಲ್ಲೇ ಇದ್ದರೂ ಶಾಮಸುಂದರನ ಬೆರಳು ತಪ್ಪುತ್ತದೆ. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

ಅಬುಧಾಬಿಯ ಮೈದಾನದಲ್ಲಿ ಎಡಮೂಲೆಗೆ ಹೋಗಿ ನಿಂತಾಗ ಎಲ್ಲರ ಬೆನ್ನು ಕಂಡಿತು. ಇಷ್ಟು ವರ್ಷ ಇವರೆಲ್ಲ ತನ್ನ ಹಿಂದೆ ಇದ್ದವರು. ಮುಖಗಳನ್ನು ಕಂಡದ್ದು ಪಾಸ್‌ಪೋರ್ಟಿನಲ್ಲಿ, ಕಿವಿ ಎರಡೂ ಕಾಣುವಂತೆ, ನಗದೆ. ಕೀರ್ತನ್ ಓಡುವಾಗ ತಲೆ ಒಂದು ಕಡೆ ವಾಲಿಸುತ್ತಾನೆ. ಬಸ್ಸಿನ ಡ್ರೈವರು ಚೆಂಡು ಸಿಕ್ಕರೆ ಹಾರ್ನು ಹೊಡೆದಂತೆ ಕೂಗುತ್ತಾನೆ. ನಾರ್ಬರ್ಟ್ ಗೋಲಿನಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡು ಕಂಬಕ್ಕೆ ಮುತ್ತು ಕೊಡುತ್ತಾನೆ. ಛೆ, ನಿಜಕ್ಕೂ ಮೈದಾನದ ತುಂಬ ಜನ. ಹೀಗೆ ನೋಡುತ್ತ ಮೈಮರೆತಿದ್ದಾಗಲೇ ಅಬುಧಾಬಿಯ ಬಲಬದಿಯಿಂದ ಒಬ್ಬ ಹುಡುಗ ಚೆಂಡಿನೊಂದಿಗೆ ನೇರ ಇವನ ಮೇಲೆಯೇ ಬಂದ. ಶಾಮಸುಂದರ ಎರಡು ಹೆಜ್ಜೆ ಮುಂದಿಟ್ಟು, ಯಾವಾಗಿನಂತೆ ಹುಡುಗ ನಿಲ್ಲುತ್ತಾನೆಂದು ಕಾದ. ಹುಡುಗ ನಿಲ್ಲಲಿಲ್ಲ. ಎಡಕ್ಕೆ ಬಗ್ಗಿ, ಬಲಕ್ಕೆ ಜಾರಿ, ಹೋಗಿಯೇಬಿಟ್ಟ. ಶಾಮಸುಂದರ ತಿರುಗುವಷ್ಟರಲ್ಲಿ ಚೆಂಡು ನಾರ್ಬರ್ಟನನ್ನೂ ದಾಟಿ ಬಲೆಯಲ್ಲಿತ್ತು. ಯಾರಿವನು? ಈ ಮುಖ ಕಪಾಟಿನಲ್ಲಿಲ್ಲ.

"ಹೊಸಬ ಸಾರ್," ಎಂದ ನಾರ್ಬರ್ಟ್, ಚೆಂಡು ಎತ್ತಿಕೊಂಡು. "ಆದರ್ಶ ಅಂತ, ಬೆಂಗಳೂರಿನವ. ನಿನ್ನೆಯಷ್ಟೇ ವೀಸಾ ಸ್ಟಾಂಪ್ ಆದದ್ದಂತೆ. ಪಾಪ, ಅವನಿಗೆ ನೀವು ಯಾರೂಂತ ಗೊತ್ತಿಲ್ಲ. ಹೇಳ್ಲಾ ಸಾರ್?"

"ಬೇಡ!" ಎಂದು ಶಾಮಸುಂದರ ಕೂಗಿದ ರಭಸಕ್ಕೆ ನಾರ್ಬರ್ಟ್ ಬೆಚ್ಚಿದ.

ಆದರ್ಶ ಮತ್ತೊಮ್ಮೆ ದಾಟಿಕೊಂಡು ಹೋದ. ಇನ್ನೊಮ್ಮೆ ಕಾಲುಗಳ ನಡುವಿನಿಂದಲೇ ಚೆಂಡು ಕಳಿಸಿ ಆಚೆ ಹೋಗಿ ಎತ್ತಿಕೊಂಡ. ಬಿಸಿಲಿಗೆ ಛತ್ರಿ ಹಿಡಿದು ಕೂತ ಅಬುಧಾಬಿಯ ಹೆಂಗಸರು ಮಕ್ಕಳು ಹೋ ಎಂದರು. ಅರ್ಧವಿರಾಮದಲ್ಲಿ ನೀರಿನ ಬಾಟಲಿ ಹಿಡಿದು ಬಂದ ನಿಸರ್ಗಳ ಮುಖ ನೋಡಲು ಶಾಮಸುಂದರನಿಗೆ ಧೈರ್ಯವಾಗಲಿಲ್ಲ.

"ಅಪ್ಪಾ, ವೈ ಆರ್ ಯು ಸೋ ಫಾರ್ ಬ್ಯಾಕ್? ಆರ್ ಯು ಹರ್ಟ್?"

"ಇಲ್ಲ ಕಣಮ್ಮ. ನನ್ನನ್ನ ಲೆಫ್ಟ್ ಬ್ಯಾಕ್ ಹಾಕಿದಾರೆ. ಮಂಗಳವಾರವೇ."

"ಹೇಳೋದಲ್ವೇನ್ರೀ," ಎಂದಳು ಇಂದ್ರಾಣಿ. "ಸುಮ್ನೆ ಒಂಬತ್ತಕ್ಕೆ ಇಸ್ತ್ರಿ ಹಾಕಿಸಿದ್ರಿ. ಆ ಹುಡುಗ ಯಾರು? ಎಷ್ಟು ಲಕ್ಷಣವಾಗಿ ಆಡ್ತಾನೆ ನೋಡಿ."

ಲೆಸ್ಲಿ ಸದ್ದು ಮಾಡುವ ಮೊಣಕಾಲು ಮಡಚಿ ಪಕ್ಕದಲ್ಲಿ ಕೂತ. ಆಮೇಲೆ, "ಅವನ ಮುಖ ಯಾಕೆ ನೋಡುತ್ತೀ? ಅದು ಸುಳ್ಳು ಹೇಳುತ್ತದೆ. ಚೆಂಡು ನೋಡು," ಎಂದ. "ಕಾಯಿ. ಬಹಳ ಹೊತ್ತು ಕಾಯಿ. ಇಷ್ಟೇ ವಿದ್ಯೆ. ಇದಕ್ಕೆ ನನಗೆ ಹದಿನೈದು ವರ್ಷ ಸಂಬಳ ಕೊಟ್ಟರು."

ದ್ವಿತೀಯಾರ್ಧದಲ್ಲಿ ಕೀರ್ತನನನ್ನು ಗೋಲಿನ ಹತ್ತಿರ ಯಾರೋ ಎಳೆದು ಬೀಳಿಸಿದ್ದಕ್ಕೆ ದುಬೈಗೆ ಪೆನಾಲ್ಟಿ ಸಿಕ್ಕಿತು. ಕೀರ್ತನ್ ಮೈ ಕೊಡವಿಕೊಂಡು ಎದ್ದವನು ಚೆಂಡನ್ನು ಮುಟ್ಟದೆ ಹಿಂದೆ ತಿರುಗಿ, "ಸಾರ್, ನೀವೇ ಹೊಡೀರಿ ಸಾರ್," ಎಂದ. ನಾರ್ಬರ್ಟ್ ಆ ತುದಿಯಿಂದ, "ಸಾರ್ ಹೋಗಿ ಸಾರ್!" ಎಂದ. ಎಲ್ಲರೂ ಎಂದರು. ಶಾಮಸುಂದರ ಲೆಸ್ಲಿಯ ಕಡೆ ನೋಡಿದ; ಲೆಸ್ಲಿ ನಿನ್ನ ಇಷ್ಟ ಎಂಬಂತೆ ಭುಜ ಹಾರಿಸಿ ಖರ್ಜೂರದ ಬೀಜ ಉಗುಳಿದ. ಹೋಗಬಾರದು ಎಂದುಕೊಳ್ಳುತ್ತಲೇ ಶಾಮಸುಂದರನ ಕಾಲು ಹೋಯಿತು. ಗೆರೆಯಾಚೆ ನಿಸರ್ಗ ಎದ್ದು ನಿಂತದ್ದನ್ನು ಕಣ್ಣಂಚಿನಲ್ಲಿ ಕಂಡಿದ್ದ. ಆದರೆ ಈ ಸಲ ನಿಜವಾದದ್ದು ಆಗಬೇಕು, ಹೋದರೆ ಹೋಗಲಿ, ನಿಜವಾದದ್ದು. ರೆಫರಿ ಚೆಂಡು ಇಡುವಷ್ಟರಲ್ಲಿ ಗೋಲಿನವರೆಗೂ ನಡೆದು ಹೋಗಿ ಲಿಯೊನೆಲ್‌ನ ಕಿವಿಯಲ್ಲಿ ಹೇಳಿದ:

"ಲಿಯೊನೆಲ್, ನಿನ್ನ ರಜಾ ಸ್ಯಾಂಕ್ಷನ್ ಆಯ್ತು ಅಂತ ತಿಳ್ಕೋ. ಪಾಸ್‌ಪೋರ್ಟ್ ನಾಳೆ ಡ್ರೈವರ್ ಕೈಲಿ ಕಳಿಸ್ತೀನಿ. ನಾನು ಗೋಲು ಹೊಡೆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಈಗ ಸರಿಯಾಗಿ ಹಿಡಿ, ತಿಳೀತಾ?"

"ನಿಜವಾ ಸಾರ್?" ಲಿಯೊನೆಲ್‌ನ ಕಣ್ಣಲ್ಲಿ ನೀರು ಬಂತು. "ಅಮ್ಮ ದಿನಾ ಫೋನ್ ಮಾಡಿ ಕೇಳ್ತಾರೆ ಸಾರ್, ರಜೆ ಸಿಕ್ಕಿತಾ ಮಗಾ ಅಂತ. ನಿಮಗೆ ದೇವರು ಒಳ್ಳೇದು ಮಾಡ್ಲಿ ಸಾರ್."

ಶಾಮಸುಂದರ ಹಿಂದೆ ಬಂದು, ಉಸಿರು ಎಳೆದು, ಓಡಿ ಒದ್ದ. ಕಾಲ ಹೆಬ್ಬೆರಳಿಗೆ ತಗುಲಿದ ಚೆಂಡು ಗೊಣಗುತ್ತ ಬಲಕ್ಕೆ ಉರುಳಿತು. ನಿಸರ್ಗ ಹುಟ್ಟಿದ ವರ್ಷವಾಗಿದ್ದರೆ ಅವಳೂ ಅಂಬೆಗಾಲಿಟ್ಟು ಹೋಗಿ ಹಿಡಿಯಬಹುದಾದ ಚೆಂಡು. ಲಿಯೊನೆಲ್ ತನ್ನ ಇಡೀ ದೇಹವನ್ನು, ತಾಯಿಯ ಹಾರೈಕೆ, ತಂಗಿಯ ಮದುವೆ ಸಮೇತ, ಇನ್ನೊಂದು ಪಕ್ಕಕ್ಕೆ ಎಸೆದ. ಇದುವರೆಗೆ ಹೆದರಿ ಬೀಳುತ್ತಿದ್ದವನು ಈಗ ಉಪಕಾರ ಸ್ಮರಿಸಿ ಬಿದ್ದಿದ್ದ. "ಎಂಥಾ ಶಾಟ್ ಸಾರ್!" ಎಂದು ನೆಲ ಗುದ್ದಿದ. ದುಬೈಯವರು ಓಡಿಬಂದು ಎತ್ತಿಕೊಂಡರು. ಮೇಲೆ, ಅಷ್ಟು ಜನರ ಭುಜ ತೋಳುಗಳ ಮೇಲೆ ಅಂಗಾತ ಬಿದ್ದ ಶಾಮಸುಂದರನಿಗೆ ನಿಸರ್ಗ ಕಂಡಳು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು, ಎಷ್ಟೋ ವರ್ಷಗಳ ಮೇಲೆ. ಅಳು ಬಂತು. ಸಂತೋಷಕ್ಕೆ ಎಂದುಕೊಂಡರು. ಏನು ಕೊಟ್ಟರೆ ಇವರು ನನ್ನನ್ನು ಸೋಲಿಸುತ್ತಾರೆ? ಬೈದರೂ ಗೆಲ್ಲಿಸುತ್ತಾರೆ, ಕೊಟ್ಟರೂ ಗೆಲ್ಲಿಸುತ್ತಾರೆ. ಇಳಿಸ್ರೋ, ಇಳಿಸ್ರಯ್ಯಾ ಎಂದು ಕಾಲು ಒದ್ದುಕೊಂಡ. ಅದಕ್ಕೂ ಕುಣಿದರು.

ಆಟ ಮುಗಿಯಲು ಬಂದಿತ್ತು. ಸಮಸಮ. ಅಬುಧಾಬಿಯವರು ಚೆಂಡನ್ನು ಬಲಬದಿಗೆ ಎತ್ತಿ ಒದ್ದರು, ಆದರ್ಶ ಎದೆಯ ಮೇಲೆ ಇಳಿಸಿಕೊಂಡು ಹೊರಟ. ನಡುವೆ ಯಾರೂ ಇಲ್ಲ, ಶಾಮಸುಂದರ ಮಾತ್ರ, ಅವನ ಹಿಂದೆ ನಾರ್ಬರ್ಟ್. ಹುಡುಗನ ಮುಖ ಎಡಕ್ಕೆ ಹೋಗುತ್ತೇನೆ ಎಂದಿತು. ಶಾಮಸುಂದರ ಮುಖ ನೋಡಲಿಲ್ಲ. ಚೆಂಡು, ಬರೀ ಚೆಂಡು, ಅದರ ಮೇಲೆ ಅಂಟಿದ ಒಂದು ಎಸಳು ಹುಲ್ಲು. ಕಾದ. ಇನ್ನೂ ಕಾದ. ಹುಡುಗ ಬಲಕ್ಕೆ ಜಾರಿಸಿದ ಕ್ಷಣ ಎಡಗಾಲು ಚಾಚಿ ತನ್ನ ಭಾರವನ್ನೆಲ್ಲ ಅದರ ಹಿಂದೆ ಹಾಕಿದ. ಠಪ್ಪೆಂದು ಗಟ್ಟಿಯಾಗಿ ತಗುಲಿತು, ಚೆಂಡಿಗೇ ತಗುಲಿತು. ಚೆಂಡು ಗೆರೆಯಾಚೆ ಹಾರಿತು, ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿದರು, ಶಾಮಸುಂದರನ ಮೊಣಕಾಲು ತರಚಿ ರಕ್ತ ಬಂತು.

"ಏಯ್, ನೋಡ್ಕೊಂಡ್ ಆಡ್ರೀ!" ಎಂದ ಆದರ್ಶ, ಬಾಯಿಂದ ಮಣ್ಣು ಉಗುಳುತ್ತ. "ಕಣ್ ಕಾಣಲ್ವಾ?"

ಮೈಸೂರಿನ ರಸ್ತೆಗಳನ್ನು ಬಿಟ್ಟ ಮೇಲೆ ಯಾರೂ ಅವನಿಗೆ ಹೀಗೆ ಬೈದಿರಲಿಲ್ಲ. ಶಾಮಸುಂದರನಿಗೆ ಆನಂದವೆಂದರೆ ಆನಂದವಾಯಿತು, ಹುಡುಗನನ್ನು ತಬ್ಬಿಕೊಳ್ಳಬೇಕೆನಿಸಿತು. ರೆಫರಿ ಫೌಲ್ ಅಲ್ಲವೆಂದು ಕೈಯಾಡಿಸಿದ, ಸ್ವಲ್ಪ ಹೊತ್ತಿಗೆ ಆಟ ಮುಗಿಯಿತೆಂದು ಸೀಟಿ ಊದಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೆಸ್ಲಿ ಗೆರೆಯಾಚೆಯಿಂದ ಹೆಬ್ಬೆರಳು ತೋರಿಸಿ, ಕೂಡಲೇ ಎಲ್ಲೋ ತುರಿಸಿದಂತೆ ಅದೇ ಬೆರಳಿನಿಂದ ಮೂಗು ಕೆರೆದುಕೊಂಡ. ಕುಂಟುತ್ತ ಬಂದ ಅಪ್ಪನ ಕುತ್ತಿಗೆಗೆ ನಿಸರ್ಗ ಜೋತುಬಿದ್ದಳು.

"ಅಪ್ಪಾ, ದಟ್ ಗೋಲ್! ಅಮೇಜಿಂಗ್!"

"ಗೋಲ್ ಬಿಡಮ್ಮಾ. ಕೊನೇಲಿ ಆ ಹುಡುಗನ ಕಾಲಿಂದ ಚೆಂಡು ತೆಗೆದೆನಲ್ಲ, ಅದನ್ನ ನೋಡಿದ್ಯಾ?"

"ಯಾವಾಗ? ಓ, ಸಾರಿ ಅಪ್ಪಾ. ಅಮ್ಮ ಆಂಡ್ ಐ ವರ್ ಗೆಟಿಂಗ್ ಜ್ಯೂಸ್."

ಶಾಮಸುಂದರ ನಕ್ಕ. ಲೆಸ್ಲಿಯ ಅಪ್ಪ ಚಳಿಗೆ ಹೆದರಿ ಮನೆಯಲ್ಲಿ ಕೂತದ್ದು ನೆನಪಾಯಿತು. ಮಗಳು ಕೊಟ್ಟ ಮಾವಿನ ಜ್ಯೂಸು ಗಂಟಲಲ್ಲಿ ಇಳಿಯುವಾಗ ನೋವೂ ಇತ್ತು, ತಂಪೂ ಇತ್ತು. ಬಸ್ಸಿನ ಹತ್ತಿರ ಆದರ್ಶ ನಿಂತಿದ್ದ. ಪಕ್ಕದಲ್ಲಿ ಲಿಯೊನೆಲ್ ಅವನ ಬೆನ್ನು ತಿವಿಯುತ್ತಿದ್ದ. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹೊಚ್ಚಹೊಸ ಪಾಸ್‌ಪೋರ್ಟು.

"ಸರ್, ಸಾರಿ ಸರ್. ಗೊತ್ತಿರ್ಲಿಲ್ಲ ಸರ್. ಏನೇನೋ ಅಂದ್ಬಿಟ್ಟೆ. ಇದು... ಇದನ್ನ ನಿಮ್ಮ ಕೈಲಿ ಕೊಡ್ಬೇಕಂತೆ."

ಶಾಮಸುಂದರನ ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋದವು. "ಬೇಡ. ನಿನ್ನ ಹತ್ರಾನೇ ಇಟ್ಕೋ."

"ಸರ್, ಕಂಪನಿ ರೂಲು..."

"ರೂಲು ನನಗೆ ಗೊತ್ತಿಲ್ವೇನಪ್ಪಾ? ಇಟ್ಕೋ ಅಂದೆ. ಮುಂದಿನ ವರ್ಷ ನಾನು ಅದೇ ಮೂಲೇಲಿ ನಿಂತಿರ್ತೀನಿ. ಇವತ್ತು ಬಂದ ಹಾಗೇ ಬಾ. ಬೈದ್ಕೊಂಡೇ ಬಾ."

ಇದು ಬೆದರಿಕೆಯೋ ಆಶೀರ್ವಾದವೋ ತಿಳಿಯದೆ ಆದರ್ಶ ಕವರನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ಶಾಮಸುಂದರ ಬಸ್ಸು ಹತ್ತಲು ಕಾಲೆತ್ತಿದ. ಬಾಗಿಲಲ್ಲಿ ನಾರ್ಬರ್ಟ್ ನಿಂತಿದ್ದ, ಕೈಗವಸು ಕಂಕುಳಲ್ಲಿ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸಾರ್," ಎಂದ. ದನಿ ಮೆತ್ತಗಿತ್ತು, ನಾಟಕದ್ದಾಗಿರಲಿಲ್ಲ. "ಹಾಗಾದ್ರೆ ನಮ್ಮದು?"

ಕೀಲಿಗೊಂಚಲು ತೊಡೆಗೆ ಒತ್ತಿತು. ಅರ್ಬಾಬ್ ಮೇಜು ಕುಟ್ಟುವುದು ಕಣ್ಣಿಗೆ ಕಟ್ಟಿತು, ತೋಟದ ಮನೆಯ ಕೇರಂ ಬೋರ್ಡೂ ಕಂಡಿತು, ತೂತಿನ ಬಾಯಲ್ಲಿ ಕೂತ ರಾಣಿ. ಭಯವಾಯಿತು. ಅದಕ್ಕಿಂತ ಹೆಚ್ಚು ಭಯವಾದದ್ದು ಇನ್ನೊಂದಕ್ಕೆ, ಅದನ್ನೇ ಕೇಳಿದ:

"ಕೊಟ್ರೆ ನನ್ನ ಶಾಟು ಹಿಡೀತೀಯಾ?"

ನಾರ್ಬರ್ಟ್ ಅವನ ಮುಖ ನೋಡಿದ. ತೂಗಿ ನೋಡಿದ. ಆಮೇಲೆ, "ಹಿಡೀತೇನೆ ಸಾರ್," ಎಂದ. "ಎಲ್ಲವನ್ನೂ ಹಿಡೀತೇನೆ."

ಒಳಗಿಂದ ಇಂದ್ರಾಣಿ ಪುಳಿಯೋಗರೆ ಒಣಗಿಹೋಗ್ತಿದೆ ಎಂದು ಕೂಗಿದಳು. ಯಲ್ಲಾ ಯಲ್ಲಾ, ಬೇಗ ಹತ್ತಿ ಎಂದು ಡ್ರೈವರು ಹಾರ್ನು ಹೊಡೆದ.

"ನಾಳೆ ಬೆಳಿಗ್ಗೆ ಆಫೀಸಿಗೆ ಬಾ," ಎಂದ ಶಾಮಸುಂದರ. "ಕೈಗವಸೂ ತಗೊಂಡು ಬಾ."